ಹೇಳಿಟ್ಟ ಟಾಂಗಾ, ಹೇಳಿಟ್ಟ ಊಟ

೧೯೪೮ರ ಸೆಪ್ಟೆಂಬರ್ ೧೭ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. ಮರುದಿನ ಭಾರತದ ಸೇನೆ ರಾಜಧಾನಿಯನ್ನು ಪ್ರವೇಶಿಸಿತು. ಅದಾದ ಮೇಲೆ ಬಂದ ಮೊದಲ ಎಳ್ಳ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ, ನಾನು ಮತ್ತು ನನ್ನ ಸೋದರಮಾವ ಭಾಲ್ಕಿಯಿಂದ ಬೀದರಿಗೆ ಒಂದು ಗಾಯನದ ಮೆಹಫಿಲಿಗೆ ಹೋದೆವು. ಜೊತೆಗೆ ಒಂದು ಸಾರಂಗಿ ಇತ್ತು. ಅದು ನಮ್ಮದಲ್ಲ.

ಮಾಮಾ ಭಾಲ್ಕಿಯಲ್ಲಿ ವಕೀಲರು. ನಾನು ಔರಾದಿನವನು. ಅವರ ಮನೆಯಲ್ಲಿದ್ದುಕೊಂಡು ಅಲ್ಲಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಸಾರಂಗಿ ಬೀದರಿನ ಒಬ್ಬ ಉಸ್ತಾದರದು. ಅವರಿಗೂ ಮಾಮಾನಿಗೂ ಹಳೆಯ ಸ್ನೇಹ. ಆ ವರ್ಷ ಬೇಸಿಗೆಯಲ್ಲಿ ಸಾರಂಗಿಯ ನರ ಹರಿದಿತ್ತು. ಆಡಿನ ಕರುಳಿನಿಂದ ನರ ಹೊಸೆಯುವವನೊಬ್ಬ ಔರಾದಿನಲ್ಲಿದ್ದ. ಉಸ್ತಾದರು ಭಾಲ್ಕಿಗೆ ಬಂದು, ಎರಡು ದಿನ ಉಳಿದು, ವಾದ್ಯವನ್ನು ಮಾಮಾನ ಕೈಗೆ ಕೊಟ್ಟು ಹೋದರು. ನಾನೇ ಅದನ್ನು ಔರಾದಿಗೆ ಒಯ್ದು ನರ ಹಾಕಿಸಿ ತಂದೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು, ರಜಾಕಾರರ ಗಲಾಟೆ ಹೆಚ್ಚಿತು, ಆಮೇಲೆ ಸೆಪ್ಟೆಂಬರ್ ಬಂತು, ಅದರ ಸೇಡು ಮುಸಲ್ಮಾನರ ಓಣಿಗಳ ಮೇಲೆ ತಿರುಗಿತು. ಬೀದರಿನಿಂದ ಬಂದವರು ಹೇಳುತ್ತಿದ್ದ ಸುದ್ದಿಗಳನ್ನು ಜನ ಮನೆಯೊಳಗೆ ಕೂತು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು.

ಮಾಮಾ ಉಸ್ತಾದರ ಬಗ್ಗೆ ಯಾರನ್ನೂ ವಿಚಾರಿಸಲಿಲ್ಲ. ಒಬ್ಬ ಮನುಷ್ಯ ಎಲ್ಲಿದ್ದಾನೆಂದು ಹೆಸರು ಹಿಡಿದು ಕೇಳುವುದೇ ಆಗ ಅವನಿಗೆ ಅಪಾಯವಾಗಬಹುದಿತ್ತು. ವಾರಕ್ಕೊಮ್ಮೆ ಸಾರಂಗಿ ಬಿಚ್ಚಿ ಶ್ರುತಿ ಹೊಂದಿಸಿ ಮತ್ತೆ ಸುತ್ತಿಡುತ್ತಿದ್ದರು. ಅವರಿಗೆ ನುಡಿಸಲು ಬಾರದು. ಶ್ರುತಿ ಮಾಡುವುದನ್ನಷ್ಟೇ ಉಸ್ತಾದರು ಕಲಿಸಿದ್ದರು.

ಮೆಹಫಿಲಿನ ಸುದ್ದಿ ಬಂದ ದಿನ ಮಾಮಾ ಊಟದ ನಡುವೆ ಕೈ ನಿಲ್ಲಿಸಿದರು. ಅಲ್ಲಿ ಹಾಡಲು ಹೊರಗಿನಿಂದ ಬರಲಿದ್ದ ಗಾಯಕರು ಬೀದರಿನಲ್ಲಿ ಹಾಡಿದಾಗಲೆಲ್ಲ ಸಾರಂಗಿಗೆ ಕೂಡುತ್ತಿದ್ದವರು ಈ ಉಸ್ತಾದರೇ.

"ಅವರು ಹಾಡ್ತಾರ ಅಂದ್ರ ಇವರು ಅದಾರ ಅಂತನ ಅರ್ಥ, ತಮ್ಮಾ. ಕೈಯಾಗ ಸಾರಂಗಿ ಇಲ್ದ ಹ್ಯಾಂಗ ಕುಂದರ್ತಾರ? ನಡಿ, ಮುಟ್ಟಿಸಿ ಬರೋಣು."

ಮಾಮಾ ಕಪ್ಪು ಶೇರ್ವಾನಿ ತೆಗೆಸಿದರು. ಸಂಸ್ಥಾನದ ವಕೀಲರೆಲ್ಲ, ಯಾವ ಜಾತಿಯವರೇ ಇರಲಿ, ಕೋರ್ಟಿಗೂ ಮೆಹಫಿಲಿಗೂ ಶೇರ್ವಾನಿಯಲ್ಲೇ ಹೋಗುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ಅದು ಬೀದಿಯಿಂದ ಮಾಯವಾಗಿತ್ತು. ಬೇಡವೆಂದು ಅತ್ತೆ ಹೇಳಿದರು. "ಉಸ್ತಾದರು ನನ್ನ ಬ್ಯಾರೆ ಅರಿವ್ಯಾಗ ನೋಡೇ ಇಲ್ಲ," ಎಂದು ಮಾಮಾ ಗುಂಡಿ ಹಾಕಿಕೊಂಡರು.

ರೈಲಿನಲ್ಲಿ ಶೇರ್ವಾನಿ ಹಾಕಿದವರು ಮಾಮಾ ಒಬ್ಬರೇ. ಡಬ್ಬಿಯ ಜನ ಅವರನ್ನು ನೋಡಿ, ಹಣೆಯ ಮೇಲಿನ ವಿಭೂತಿ ನೋಡಿ, ಮತ್ತೆ ಶೇರ್ವಾನಿ ನೋಡಿದರು. ನಾನು ಕೌದಿಯಲ್ಲಿ ಸುತ್ತಿದ ಸಾರಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಹಲಬರ್ಗಾದಲ್ಲಿ ಹತ್ತಿದ ಮುದುಕಿಯೊಬ್ಬಳು ಎದುರು ಕೂತು ಬಹಳ ಹೊತ್ತು ಅದನ್ನೇ ನೋಡಿದಳು.

"ಏನಪಾ, ಕೂಸು ಅಳೋದೇ ಇಲ್ಲಲ್ಲ?"

"ಅತ್ತರ ಗಾಡೀನ ನಿಂದರ್ತದ ಯವ್ವಾ," ಎಂದರು ಮಾಮಾ.

ಮುದುಕಿ ನಗಲಿಲ್ಲ. ಕೈಚಾಚಿ ಕೌದಿಯ ಮೇಲೆ ಒಮ್ಮೆ ಸವರಿದಳು. ಒಳಗೆ ತಂತಿಗಳು ಸಣ್ಣಗೆ ಸದ್ದು ಮಾಡಿದವು. ಬೀದರ್ ಬರುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸ್ಟೇಶನ್ನಿನ ಹೊರಗೆ ಟಾಂಗಾಗಳ ಸಾಲು ಇರಲಿಲ್ಲ. ಇದ್ದದ್ದು ಒಂದೇ. ಟಾಂಗಾದವನು ಹಳೆಯ ಪರಿಚಯದವನು. ಮೊದಲು ಅವನ ತಲೆಯ ಮೇಲೆ ಕೆಂಪು ರೂಮಿ ಟೊಪ್ಪಿಗೆ ಇರುತ್ತಿತ್ತು, ಈಗ ಬಿಳಿ ಖಾದಿ ಟೊಪ್ಪಿಗೆ ಇತ್ತು. ಗಡ್ಡ ಬೋಳಿಸಿದ್ದರಿಂದ ಗಲ್ಲದ ಚರ್ಮ ಮುಖದ ಉಳಿದ ಭಾಗಕ್ಕಿಂತ ಬೆಳ್ಳಗಿತ್ತು. ಶೇರ್ವಾನಿ ಕಂಡ ಕೂಡಲೆ ಓಡಿ ಬಂದ.

"ಬರ್ರಿ ವಕೀಲ್ ಸಾಬ್, ಕುಂದುರ್ರಿ."

"ನಿನ್ನ ಕುದುರಿ ಇನ್ನೂ ಅದ ಏನೋ?"

"ಅದ ಸಾಬ್. ನಾ ಟೊಪ್ಪಿಗಿ ಬದಲ ಮಾಡೀನಿ. ಅದು ಏನೂ ಬದಲ ಮಾಡಿಲ್ಲ."

"ಬಾಡಿಗಿ?"

"ಬಾಡಿಗಿ ಮಾತು ಯಾಕ ಸಾಬ್? ಉಸ್ತಾದ್ ಹೇಳಿಟ್ಟಾರಲ್ಲ."

ಮಾಮಾ ನನ್ನ ಕಡೆ ತಿರುಗಿದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಆ ನಾಲ್ಕು ತಿಂಗಳಲ್ಲಿ ನೋಡಿರಲಿಲ್ಲ. ಮೆಹಫಿಲಿಗೆ ಮಾಮಾ ಬಂದಾಗ ಟಾಂಗಾ, ಊಟ, ಎಲೆ ಅಡಿಕೆ ಎಲ್ಲವನ್ನೂ ಉಸ್ತಾದರು ಮೊದಲೇ ಹೇಳಿಡುತ್ತಿದ್ದರು. ಪರಊರಿನಿಂದ ಬಂದವನು ಶಹರದಲ್ಲಿ ಜೇಬಿಗೆ ಕೈ ಹಾಕಿದರೆ ಅದು ಅವರಿಗೆ ಅವಮಾನ. ಟಾಂಗಾ ಹೇಳಿಟ್ಟಿದೆ ಎಂದರೆ ಹೇಳಿದವರು ಇದ್ದಾರೆ ಎಂದು ನಾನೂ ತಿಳಿದೆ.

ಉಸ್ತಾದರು ಹೇಗಿದ್ದಾರೆಂದು ಮಾಮಾ ಕೇಳಲಿಲ್ಲ, ಟಾಂಗಾದವನೂ ಕೇಳಲಿಲ್ಲ. ಇದನ್ನು ವಿವರಿಸಬೇಕು. ಬಂದವರು ಉಂಡು ಕೈ ತೊಳೆಯುವವರೆಗೆ ಅವರನ್ನು ಮೂರನೆಯವರ ಕ್ಷೇಮ ಕೇಳಬಾರದು, ಅವರೂ ಕೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ಕೆಟ್ಟ ಸುದ್ದಿ ಇದ್ದರೆ ಹಸಿದ ಹೊಟ್ಟೆಗೆ ಬೀಳಬಾರದು ಎಂದು ಹಿರಿಯರು ಮಾಡಿದ್ದು. ಆ ವರ್ಷ ಎಲ್ಲರೂ ಅದನ್ನು ಬಿಗಿಯಾಗಿ ಪಾಲಿಸುತ್ತಿದ್ದರು. ಯಾರನ್ನು ಕೇಳಿದರೂ ಬರುವ ಉತ್ತರ ಒಂದು ಸಾವಾಗಿರಬಹುದಿತ್ತು.

ಟಾಂಗಾ ಊರ ನಡುವಿನ ಚೌಬಾರಾ ಗೋಪುರದ ಕಡೆಗೆ ನೇರ ಹೋಗದೆ ಕೋಟೆಯ ಬದಿಯಿಂದ ಸುತ್ತಿತು. ಹತ್ತಿರದ ದಾರಿ ಒಂದು ಗಲ್ಲಿಯಲ್ಲಿತ್ತು. ಅದರ ಬಾಯಿಗೆ ಬಂದಾಗ ಕುದುರೆ ತಾನಾಗಿಯೇ ನಿಂತು ಕಿವಿ ಹಿಂದಕ್ಕೆ ಮಾಡಿತು.

"ಇಲ್ಲಿ ಅದು ಹೋಗಂಗಿಲ್ಲರಿ. ಹೊಡೆದ್ರೂ ಹೋಗಂಗಿಲ್ಲ," ಎಂದ ಟಾಂಗಾದವನು, ಆ ಕಡೆ ನೋಡದೆ.

ನಾನು ನೋಡಿದೆ. ಮನೆಗಳ ಬಾಗಿಲುಗಳೆಲ್ಲ ತೆರೆದೇ ಇದ್ದವು. ಒಂದು ಮನೆಯ ಹೊಸ್ತಿಲ ಮೇಲೆ ಹಗಲಿನಲ್ಲಿ ಬೆಕ್ಕೊಂದು ಮಲಗಿತ್ತು. ಒಳಗೆ ಸಾಮಾನು ಏನೂ ಇಲ್ಲದ್ದರಿಂದ ಹಿತ್ತಲ ಬಾಗಿಲಿನವರೆಗೂ ಕಣ್ಣು ಹೋಗುತ್ತಿತ್ತು. ಬಿದರಿ ಕೆಲಸದವರ ಓಣಿಯಲ್ಲಿ ಮೊದಲು ಸುತ್ತಿಗೆಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅವತ್ತು ಒಂದೇ ಸುತ್ತಿಗೆ ಕೇಳುತ್ತಿತ್ತು. ಟಾಂಗಾ ಹತ್ತಿರ ಬಂದಂತೆ ಅದೂ ನಿಂತಿತು. ನಾವು ದಾಟಿದ ಮೇಲೆ ಮತ್ತೆ ಶುರುವಾಯಿತು.

ನಾವು ಉಣ್ಣುತ್ತಿದ್ದ ಖಾನಾವಳಿ ಚೌಬಾರಾದ ಹಿಂದೆ. ನಡೆಸುತ್ತಿದ್ದವಳು ಲಿಂಗಾಯತರ ವಿಧವೆ, ಎಲ್ಲರಿಗೂ ಅವ್ವ. ಉಸ್ತಾದರ ತಟ್ಟೆ ಅಲ್ಲಿ ಬೇರೆ ಇತ್ತು, ನೀಲಿ ಅಂಚಿನ ಚೀನಿ ತಟ್ಟೆ, ಹೊರಗಿನ ಗೂಟಕ್ಕೆ ಜಾಳಿಗೆಯಲ್ಲಿ ತೂಗುಹಾಕಿರುತ್ತಿದ್ದರು. ಮಾಮಾ ಒಳಗೆ ಪಂಕ್ತಿಯಲ್ಲಿ, ಉಸ್ತಾದರು ಹೊರಗೆ ಕಟ್ಟೆಯ ಮೇಲೆ. ಇಬ್ಬರೂ ಬಾಗಿಲಲ್ಲಿ ಮಾತಾಡುತ್ತ ಉಣ್ಣುತ್ತಿದ್ದರು. ಆ ಕಾಲದಲ್ಲಿ ಅದು ಹಾಗಿತ್ತು.

"ಏನ್ರಿ ವಕೀಲರ, ಹಿಂಗ್ಯಾಕ ಸೊರಗೀರಿ? ಕೋರ್ಟು ಬಂದ್ ಆಗ್ಯಾವೇನು?"

"ಕೋರ್ಟಿನ ಭಾಷಾನ ಬದಲಾಗ್ತದಂತ ಅವ್ವಾ. ನಂದು ಬರೇ ಉರ್ದೂ. ಮುದುಕ ಆದ ಮ್ಯಾಲ ಬಾಯಿ ತಿದ್ದಬೇಕು."

"ಉಣ್ಲಾಕ ಬರ್ತದಲ್ಲ? ಅದಕ್ಕ ಯಾವ ಭಾಷಾನೂ ಬ್ಯಾಡ. ಕುಂದುರ್ರಿ."

ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು. ಅಮಾವಾಸ್ಯೆಯ ಸಜ್ಜಿ ಕಡುಬು ಉಳಿದಿದ್ದವು, ಅವನ್ನೂ ಹಾಕಿದಳು. ನಮಗೆ ಬಡಿಸಿದ ಮೇಲೆ ಅವಳು ಹೊರಗೆ ಹೋಗಿ ಗೂಟದ ತಟ್ಟೆ ತೆಗೆದು, ನೀರಿನಲ್ಲಿ ತೊಳೆದು, ಕಟ್ಟೆಯ ಮೇಲಿಟ್ಟು ಎರಡು ರೊಟ್ಟಿ ಬಡಿಸಿದಳು.

"ಉಸ್ತಾದರದೂ ಬಡಿಸೀನ್ರಿ."

"ಬಡಸ್ರಿ ಅವ್ವಾ, ಬರ್ತಾರ," ಎಂದರು ಮಾಮಾ. ಅವರು ಹೊಟ್ಟೆ ತುಂಬ ಉಂಡರು. ಅವ್ವ ಬಾಗಿಲಲ್ಲಿ ನಿಂತು ಅವರು ಉಣ್ಣುವುದನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅವಳ ಸಂತೋಷ ನನಗೂ ಕಂಡಿತು. ಅದಕ್ಕೆ ಕಾರಣ ಬೇರೆಯೇ ಇದೆಯೆಂದು ಆಗ ತಿಳಿಯಲಿಲ್ಲ.

ಕಟ್ಟೆಯ ಮೇಲಿನ ರೊಟ್ಟಿಯ ಅಂಚು ಬಿಸಿಲಿಗೆ ಮೇಲೆದ್ದಿತು. ನಾವು ಕೈ ತೊಳೆಯುತ್ತಿದ್ದಾಗ ಟಾಂಗಾದವನು ಕೂಗಿದ. ಮೆಹಫಿಲ್ ಶುರುವಾಗುತ್ತಿತ್ತು. ಕತ್ತಲಾದ ಮೇಲೆ ಜನ ಸೇರುವಂತಿರಲಿಲ್ಲವಾದ್ದರಿಂದ ಆ ವರ್ಷ ಗಾಯನ ಮಧ್ಯಾಹ್ನವೇ. ಅವ್ವ ಏನೋ ಕೇಳಲು ಬಾಯಿ ತೆರೆದಳು. "ಬಂದು ಮಾತಾಡೋಣು ಅವ್ವಾ," ಎಂದು ಮಾಮಾ ಹೊರಟೇಬಿಟ್ಟರು.

ಮೆಹಫಿಲ್ ಇದ್ದದ್ದು ಒಬ್ಬ ಅಡತಿ ವ್ಯಾಪಾರಿಯ ಮನೆಯ ಅಂಗಳದಲ್ಲಿ. ಮೇಲೆ ಬಿಳಿ ಬಟ್ಟೆ ಕಟ್ಟಿದ್ದರು. ಅದರಿಂದ ಸೋಸಿ ಬಂದ ಬೆಳಕಿನಲ್ಲಿ ಎಲ್ಲರ ಮುಖವೂ ಒಂದೇ ಬಣ್ಣವಾಗಿ ಕಾಣುತ್ತಿತ್ತು. ಜನ ಕಡಿಮೆ ಇದ್ದರು, ಇದ್ದವರೂ ಬಿಡಿಬಿಡಿಯಾಗಿ ಕೂತಿದ್ದರು. ಹಳೆಯ ಕೇಳುಗರು ತಮ್ಮ ತಮ್ಮ ಮಾಮೂಲು ಜಾಗದಲ್ಲೇ ಕೂತು, ನಡುವಿನ ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟಿದ್ದರು. ವೇದಿಕೆಯ ಮೇಲೆ ಗಾಯಕರು, ತಬಲಾ, ಹಾರ್ಮೋನಿಯಂ. ಗಾಯಕರ ಎಡಕ್ಕೆ ಮಡಿಸಿದ ಒಂದು ಜಮಖಾನ ಹಾಸಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

"ತಡಾ ಆಗ್ಯಾದ ಅವರಿಗಿ," ಎಂದು ಮಾಮಾ ನನ್ನ ಕೈಯಿಂದ ಸಾರಂಗಿ ತೆಗೆದುಕೊಂಡರು. ಕೌದಿ ಬಿಚ್ಚಿ, ಕಮಾನಿನ ಸಮೇತ ಅದನ್ನು ಜಮಖಾನದ ಮೇಲೆ ಮಲಗಿಸಿ ಬಂದು ಕೂತರು. ಗಾಯಕರು ವಾದ್ಯ ನೋಡಿ ಹಣೆಗೆ ಕೈ ಮುಟ್ಟಿಸಿ, ಬಾಗಿಲ ಕಡೆ ನೋಡಿ, ಷಡ್ಜ ಹಿಡಿದರು.

ಸಾರಂಗಿಯ ಮೂರು ನರಗಳ ಕೆಳಗೆ ಸಣ್ಣ ತಂತಿಗಳ ಒಂದು ಗುಂಪು ಇರುತ್ತದೆ. ಅವನ್ನು ಯಾರೂ ಮುಟ್ಟುವುದಿಲ್ಲ. ಹತ್ತಿರದಲ್ಲಿ ತಮ್ಮ ಸ್ವರ ಕೇಳಿದರೆ ತಾವೇ ಮಿಡಿಯುತ್ತವೆ. ಮಾಮಾ ವಾರವಾರವೂ ಶ್ರುತಿ ಮಾಡಿದ್ದು ಉಸ್ತಾದರು ಹೇಳಿಕೊಟ್ಟಂತೆ, ಈ ಗಾಯಕರ ಷಡ್ಜಕ್ಕೇ. ಗಾಯಕರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಖಾಲಿ ಜಮಖಾನದ ಮೇಲಿಂದ ಆ ಸ್ವರ ಮುಂದುವರಿಯಿತು. ತೀರ ಸಣ್ಣದು, ಆದರೆ ಎಲ್ಲರಿಗೂ ಕೇಳಿತು. ತಬಲಾದವರು ಕೈ ಎತ್ತಿಕೊಂಡರು. ಮುಂದೆ ಕೂತಿದ್ದವರೊಬ್ಬರು ಎದ್ದು ಹಿಂದೆ ಹೋಗಿ ಕೂತರು.

ಗಾಯಕರು ಇನ್ನೊಮ್ಮೆ ಷಡ್ಜ ಹಾಡಿ ನಿಲ್ಲಿಸಿದರು. ಮತ್ತೆ ಅದೇ ಆಯಿತು. ಆಗ ಅವರು ಮಾಮಾನ ಕಡೆ ನೋಡಿ ಉರ್ದುವಿನಲ್ಲಿ ಕೇಳಿದರು: ವಾದ್ಯ ಬಂದಿದೆ, ವಾದ್ಯದವರು ಎಲ್ಲಿ?

"ಇಲ್ಲೇ ಊರಾಗ ಅದಾರಲ್ರಿ, ಬರ್ತಾರ," ಎಂದರು ಮಾಮಾ. "ನಮಗ ಟಾಂಗಾ ಹೇಳಿಟ್ಟಾರ, ಊಟ ಹೇಳಿಟ್ಟಾರ."

ಬಾಗಿಲಲ್ಲಿ ನಿಂತಿದ್ದ ಟಾಂಗಾದವನು ಜನರನ್ನು ದಾಟಿ ಮುಂದೆ ಬಂದ.

"ಊರಾಗ? ವಕೀಲ್ ಸಾಬ್, ಅವರು ನಿಮ್ಮ ಮನ್ಯಾಗ ಅದಾರಲ್ಲ!"

"ಮತ್ತ ಟಾಂಗಾ ಯಾವಾಗ ಹೇಳಿದ್ರೋ?"

"ಯಾವಾಗೋ ಹೇಳಿಟ್ಟಾರ್ರಿ, ವರ್ಷಾನುಗಟ್ಟಲೆ ಆತು. ಶೇರ್ವಾನಿ ವಕೀಲರು ಮೆಹಫಿಲಿಗೆ ಬಂದ್ರ ಕೇಳಬ್ಯಾಡ, ಕರಕೊಂಡು ಬಾ ಅಂತ. ಬ್ಯಾಡ ಅಂತ ಎಂದೂ ಹೇಳಿಲ್ಲ. ನಿಮ್ಮನ್ನ ನೋಡಿ ನಾ ಏನ್ ತಿಳಕೊಂಡೆ? ಉಸ್ತಾದ್ ಆರಾಮ ಅದಾರ, ಮುಂದ ನಿಮ್ಮನ್ನ ಕಳಸ್ಯಾರ, ಹಿಂದಿಂದ ಬರ್ತಾರ ಅಂತ."

ಸೆಪ್ಟೆಂಬರಿನ ಗಲಾಟೆಯ ದಿನಗಳಲ್ಲಿ ಉಸ್ತಾದರನ್ನು ಸ್ಟೇಶನ್ನಿಗೆ ಬಿಟ್ಟವನು ಅವನೇ. ರೈಲು ಇರಲಿಲ್ಲ. ಭಾಲ್ಕಿಗೆ ಹೋಗುತ್ತೇನೆ, ಸಾರಂಗಿ ಅಲ್ಲಿದೆ, ವಕೀಲರ ಮನೆಯಲ್ಲೇ ಇರುತ್ತೇನೆ ಎಂದು ಹೇಳಿ ಅವರು ಹಳಿ ಹಿಡಿದು ನಡೆದರಂತೆ. ಬೀದರಿನಲ್ಲಿ ಅವರನ್ನು ಬಲ್ಲವರೆಲ್ಲ ಅವರು ಭಾಲ್ಕಿಯಲ್ಲಿ ಸುರಕ್ಷಿತ ಎಂದು ತಿಳಿದಿದ್ದರು. ಗಾಯಕರಿಗೂ ಹಾಗೆಯೇ ಹೇಳಿದ್ದರು. ಜಮಖಾನ ಹಾಸಿದ್ದು ಅದಕ್ಕೇ.

ಗಾಯಕರು ಒಂದು ಖಯಾಲಿನ ಚೀಜು ಹಾಡಿ ಮುಗಿಸಿದರು. ಅಷ್ಟು ಹೊತ್ತೂ ಸಾರಂಗಿ ಅವರ ಪ್ರತಿ ನಿಲುಗಡೆಯಲ್ಲೂ ಉಳಿದ ಸ್ವರವನ್ನು ಹಿಡಿದಿತ್ತು. ಯಾರಿಗೂ ಅದರ ಮೇಲೆ ಕೌದಿ ಮುಚ್ಚಲು ಕೈ ಬರಲಿಲ್ಲ.

ಖಾನಾವಳಿಗೆ ಮರಳಿದಾಗ ಅವ್ವ ಕಟ್ಟೆಯ ಮೇಲೆ ತಟ್ಟೆಯ ಪಕ್ಕದಲ್ಲೇ ಕೂತಿದ್ದಳು. ರೊಟ್ಟಿ ಹಪ್ಪಳದಂತೆ ಒಣಗಿತ್ತು. ನಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿದಳು.

"ನಿಮಗ ಹ್ಯಾಂಗ ಕೇಳ್ಲಿ ಅಂತ ಸುಮ್ನಿದ್ದೆ ನೋಡ್ರಿ. ವಕೀಲರು ಬಂದಾರಲ್ಲ, ಶೇರ್ವಾನಿ ತೊಟ್ಟು ಬಂದಾರಲ್ಲ, ಅಂದ್ರ ಎಲ್ಲಾ ಛಲೋ ಅದ ಅಂದ್ಕೊಂಡೆ."

"ನಾನೂ ನೀವು ಬಡಿಸಿದ ತಟ್ಟಿ ನೋಡಿ ಹಂಗೇ ಅಂದ್ಕೊಂಡೆ ಅವ್ವಾ," ಎಂದರು ಮಾಮಾ.

ಟಾಂಗಾದವನು ಸ್ಟೇಶನ್ನಿಗೆ ಬಿಟ್ಟು ಬಾಡಿಗೆ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ನಾವು ಹಲಬರ್ಗಾಕ್ಕೆ ಹೋದೆವು. ಹಳಿ ನೋಡಿಕೊಳ್ಳುವ ಕೆಲಸದ ಆಳೊಬ್ಬ ಸಿಕ್ಕ. ಆ ದಿನಗಳಲ್ಲಿ ಹಳಿಯ ಮೇಲೆ ಬಹಳ ಜನ ನಡೆದರು, ಯಾರೆಂದು ಹೇಳುವುದು ಎಂದ. ಮಾಮಾ ತಮ್ಮ ಎಡಗೈ ಮುಂದೆ ಮಾಡಿ ಉಗುರುಗಳ ಬುಡ ತೋರಿಸಿದರು. ಸಾರಂಗಿಯವರು ನರವನ್ನು ಬೆರಳ ತುದಿಯಿಂದಲ್ಲ, ಉಗುರಿನ ಬುಡದಿಂದ ಒತ್ತುತ್ತಾರೆ. ಅಲ್ಲಿ ಚರ್ಮ ಗಂಟು ಕಟ್ಟಿ ಕಪ್ಪಾಗಿರುತ್ತದೆ.

"ಹಾಂ ಸಾಹೇಬ್ರ, ಒಬ್ರು ಇದ್ರು. ಬೊಗಸಿ ಹಿಡಿದು ನೀರು ಕುಡಿದ್ರು, ಆಗ ನೋಡೀನಿ. ಏನಾಗ್ಯಾದ ಬೆರಳಿಗಿ ಅಂತ ಕೇಳ್ದೆ. ಭಾಲ್ಕಿಗಿ ಹೋಗಿ ಕೆಲಸ ಹಚ್ಚಿದ್ರ ಸರಿ ಆಗ್ತಾವ ಅಂತ ನಕ್ರು."

"ಆಮ್ಯಾಲ?"

"ಭಾಲ್ಕಿ ಕಡಿಗೇ ನಡದು ಹೋದ್ರು ಸಾಹೇಬ್ರ."

ಹಲಬರ್ಗಾ ಮತ್ತು ಭಾಲ್ಕಿಯ ನಡುವೆ ಅವರನ್ನು ಕಂಡವರು ಇದುವರೆಗೆ ಸಿಕ್ಕಿಲ್ಲ. ಮಾಮಾ ತೀರಿಕೊಂಡ ಮೇಲೆ ವಾರಕ್ಕೊಮ್ಮೆ ಶ್ರುತಿ ಮಾಡುವ ಕೆಲಸ ನನಗೆ ಬಂದಿದೆ. ಸಾರಂಗಿ ಭಾಲ್ಕಿಯ ಮನೆಯ ನಡುಮನೆಯಲ್ಲಿದೆ. ಕಳೆದ ತಿಂಗಳು ಎರಡನೆಯ ನರ ಹರಿಯಿತು. ಔರಾದಿನಿಂದ ಹೊಸದು ತರಿಸಿ ಹಾಕಿದ್ದೇನೆ.