ಗೆರಸೆಯಲ್ಲಿ ಗರಗಸ

ಮಾವನವರ ಬಲಗೈ ತೋರುಬೆರಳು ಕೊಕ್ಕೆಯ ಹಾಗೆ ಬಾಗಿತ್ತು. ದೋಣಿಯ ಎಂಜಿನ್ನಿನ ಹಗ್ಗ ಎಳೆದೂ ಎಳೆದೂ ಹಾಗಾದದ್ದಂತೆ. ಊಟಕ್ಕೆ ಕೂತಾಗಲೂ ಆ ಬೆರಳು ಅನ್ನಕ್ಕೆ ತಾಗದೆ, ಮುನಿಸಿಕೊಂಡ ನೆಂಟನ ಹಾಗೆ ಬೇರೆಯಾಗಿ ನಿಲ್ಲುತ್ತಿತ್ತು.

ಬೀಜಾಡಿಯಲ್ಲಿ ಮೀನು ಹಿಡಿದುಕೊಂಡಿದ್ದವರು, ಕಣ್ಣು ಮಂಜಾದ ಮೇಲೆ ಕೊಕ್ಕರ್ಣೆಗೆ, ಮಗಳು ಅಳಿಯ ಇರುವ ನಮ್ಮ ಮನೆಗೆ ಬಂದರು. ನನ್ನದು ಮರ ಕಡಿಯುವ ಕೆಲಸ. ಸುಮ್ಮನೆ ಕೂರುವ ಜನ ಅವರಲ್ಲ. ನನ್ನ ಗರಗಸದ ಮೆಷಿನ್ ಒರೆಸಿ, ಚೈನಿನ ಹಲ್ಲಿಗೆ ಅರ ಹಾಕಿ ಹರಿತ ಮಾಡಿ, ಬೆಳಿಗ್ಗೆ ಎಣ್ಣೆ ತುಂಬಿಸಿ ಜಗಲಿಯಲ್ಲಿಡುವುದು ಅವರಾಗಿಯೇ ವಹಿಸಿಕೊಂಡ ಕೆಲಸ. ಎಲ್ಲದಕ್ಕೂ ಅವರಿಗೆ ಎಂಜಿನ್ನಿನ ಭಾಷೆಯೇ. ಸಾರಿಗೆ ಹುಳಿ ಹೆಚ್ಚಾದರೂ ಮಿಕ್ಸ್ ಸಮ ಇಲ್ಲೆ ಅನ್ನುತ್ತಿದ್ದರು. ನನ್ನ ಹೆಂಡತಿ ಸಿಟ್ಟಾಗುತ್ತಿದ್ದಳು.

ಒಮ್ಮೆ ರಾತ್ರಿ ಬೀಸಿದ ಗಾಳಿಗೆ ನೆರೆಮನೆಯ ಹಳೆಯ ಮಾವಿನ ಮರ ಬೇರು ಸಡಿಲಿ, ಅಲ್ಲಿನ ಬಾಣಂತಿ ಮಲಗುವ ಕೋಣೆಯ ಹಂಚಿನ ಮಾಡಿನ ಕಡೆ ವಾಲಿತು. ತಾಯಿಯನ್ನೂ ಕೂಸನ್ನೂ ನಮ್ಮ ಮನೆಗೆ ಕರೆತಂದು, ಬೆಳಗಾಗುತ್ತಲೇ ಮೆಷಿನ್ ಹಿಡಿದು ಹೋದೆ. ಸಣ್ಣ ಕೊಂಬೆ ಕಡಿಯುವಷ್ಟರಲ್ಲಿ ಅದು ದಟ್ಟ ಹೊಗೆ ಕಾರಿ ನಿಂತೇಬಿಟ್ಟಿತು. ಮನೆಗೆ ತಂದೆ. ಮಾವ ಮುಚ್ಚಳ ತೆಗೆದು ಮೂಸಿದರು. ಅವರ ಮುಖ ಸಣ್ಣದಾಯಿತು.

ಅವರ ದೋಣಿ ಓಡುತ್ತಿದ್ದದ್ದು ಆಯಿಲ್ ಬೆರೆಸಿದ ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ. ಬೀಜಾಡಿಯಿಂದ ತಂದ ಹಳೆಯ ಕ್ಯಾನಿನಲ್ಲಿ ಅದಿನ್ನೂ ಉಳಿದಿತ್ತು. ಗರಗಸಕ್ಕೆ ಬೇಕಾದದ್ದು ಆಯಿಲ್ ಬೆರೆಸಿದ ಪೆಟ್ರೋಲ್. ಕಣ್ಣು ಕಾಣದ ಕಡೆ ಕೈ ತನ್ನ ಹಳೆಯ ಅಭ್ಯಾಸದ್ದನ್ನೇ ಸುರಿದಿತ್ತು.

"ತಪ್ಪ್ ನಂದ್. ಬಿಚ್ಚುದೂ ನಾನೇ" ಎಂದರು.

ದಾರಿಗೆಲ್ಲ ಮರ ಬಿದ್ದು ಬ್ರಹ್ಮಾವರದ ಬಸ್ಸಿರಲಿಲ್ಲ. ರಿಪೇರಿ ಅಂಗಡಿಯ ಆಸೆ ಬಿಟ್ಟೆ. ಮಾವ ಅಕ್ಕಿ ಕೇರುವ ಗೆರಸೆಯಲ್ಲಿ ಹಳೆ ಲುಂಗಿ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋದರು. ಎಂಜಿನ್ ಬಿಚ್ಚಿಟ್ಟಿರುವಾಗ 'ಆಯ್ತಾ' ಎಂದು ಯಾರೂ ಕೇಳಬಾರದು, ಕೇಳಿದರೆ ಆಗುವುದಿಲ್ಲ ಎಂಬುದು ಅವರ ಪದ್ಧತಿ. ವಿಚಾರಿಸಲು ಬಂದ ಬಾಣಂತಿಯ ತಾಯಿ ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಅವರನ್ನು ಒಳಗೆ ಕರೆದುಕೊಂಡು ಹೋದಳು.

ಸಿಲಿಂಡರ್ ಮೇಲೆದ್ದಿತು. ಪಿಸ್ಟನ್ನಿಗೆ ಗೀರು ಬಿದ್ದಿದ್ದರೆ ಮೆಷಿನ್ ಮುಗಿದ ಹಾಗೆಯೇ. ಮಾವ ಉಗುರಿನಿಂದ ಅದರ ಸುತ್ತಲೂ ನಿಧಾನಕ್ಕೆ ಸವರಿದರು.

"ಗೀರಿಲ್ಲೆ."

ನನಗೆ ಸಮಾಧಾನವಾಯಿತು. ಮಸಿ ಕಟ್ಟಿ ರಿಂಗ್ ಅಂಟಿಕೊಂಡಿತ್ತು, ಅಷ್ಟೇ. ಅದನ್ನು ಬಿಡಿಸಿ ತೊಳೆಯಲು ಮತ್ತೆ ಚಿಮಣಿ ಎಣ್ಣೆಯನ್ನೇ ಕೇಳಿದರು. ಪುನಃ ಅದೇಯಾ ಎಂದು ನಾನು ಕೆಣಕಿದೆ.

"ಕುಡಿಸುಕ್ ಆಗ. ಮೀಸುಕ್ ಅಡ್ಡಿಲ್ಲೆ" ಎಂದು, ಮಗುವಿಗೆ ಸ್ನಾನ ಮಾಡಿಸುವವರ ಹಾಗೆ ರಿಂಗ್ ತೊಳೆಯತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಗೆರಸೆ ಖಾಲಿಯಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬುವುದೊಂದು ಬಾಕಿ. ಮಾವ ಪೆಟ್ರೋಲ್ ಕ್ಯಾನನ್ನು ನನ್ನ ಕಡೆ ತಳ್ಳಿ, ಗೋಡೆಗೆ ಒರಗಿ ಕೂತರು. ಇನ್ನು ಅದು ತನ್ನ ಕೈಗೆ ಬೇಡವೆಂದರು. ಅಷ್ಟು ಹೊತ್ತು ಒಂದು ಬೋಲ್ಟೂ ತಪ್ಪದ ಕೈಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ನನಗೆ ನೋಡಲಾಗಲಿಲ್ಲ. ಕ್ಯಾನನ್ನು ತಿರುಗಿ ಅವರ ಮಡಿಲಲ್ಲೇ ಇಟ್ಟೆ.

"ಮಾವ, ಮಿಕ್ಸ್ ನೀವೇ ಮಾಡ್ಕ್. ನಾ ಹಗ್ಗ ತತ್ತೆ."

ಮರಕ್ಕೆ ಕಟ್ಟುವ ಹಗ್ಗ ಹುಡುಕಿ ಬರುವಷ್ಟರಲ್ಲಿ ಟ್ಯಾಂಕು ತುಂಬಿತ್ತು. ಮೆಷಿನ್ನಿನ ದಾರ ಎಳೆದೆ, ಕೆಮ್ಮಿತು. ಮತ್ತೆ ಎಳೆದಾಗ ಜಗಲಿ ನಡುಗುವಂತೆ ಮೊರೆಯಿತು. ಒಳಗೆ ಕೂಸು ಬೆಚ್ಚಿ ಅತ್ತರೆ, ಹೊರಗೆ ನಮಗೆಲ್ಲ ನಗು. ಕತ್ತಲಾಗುವ ಮೊದಲೇ ಮರ ತುಂಡುತುಂಡಾಗಿ ಇಳಿಯಿತು. ಬಾಣಂತಿ ಅಂದೇ ತನ್ನ ಕೋಣೆಯಲ್ಲಿ ಮಲಗಿದಳು.

ಆಮೇಲೂ ಎಣ್ಣೆ ತುಂಬುವ ಕೆಲಸ ಅವರದ್ದೇ. ಒಂದು ದಿನವೂ ನಾನು ಮುಚ್ಚಳ ತೆಗೆದು ಪರೀಕ್ಷಿಸಲಿಲ್ಲ. ಹೋದ ವರ್ಷ, ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂದು ಬೆಳಿಗ್ಗೆಯೂ ಮೆಷಿನ್ ತುಂಬಿಸಿಟ್ಟಿದ್ದರು. ಮೆಷಿನ್ ಕೆಟ್ಟ ಆ ದಿನ ಕ್ಯಾನನ್ನು ನಾನೇ ಇಟ್ಟುಕೊಂಡಿದ್ದರೂ ಮರ ಇಳಿಯುತ್ತಿತ್ತು. ಮಾವ ಮಾತ್ರ ಆ ಗೋಡೆ ಬಿಟ್ಟು ಏಳುತ್ತಿರಲಿಲ್ಲ. ಅಷ್ಟನ್ನಾದರೂ ಸರಿಯಾಗಿ ಮಾಡಿದೆನೆಂಬ ನೆಮ್ಮದಿ ನನಗಿದೆ.