ತನುಜಾಳ ತಗಡಿನ ಕೈ

ತನುಜಾ ರೋಬೋಟ್ ತರುತ್ತಾಳೆಂದು ಕೇಳಿದ ದಿನವೇ ಯಸಳೂರಿನ ಕಾಫಿ ಎಸ್ಟೇಟಿನ ರೈಟರ್ ಮೃತ್ಯುಂಜಯ, ಆಳೊಂದು ಹೆಚ್ಚಿತೆಂದು ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬಿಟ್ಟಿದ್ದ ಜಾಣ. ಬಂದದ್ದು ಒಂದು ಕೈ ಮಾತ್ರ: ಹಳೇ ಜೀಪಿನ ವೈಪರ್ ಮೋಟಾರು, ಸೈಕಲ್ಲಿನ ಬ್ರೇಕ್ ತಂತಿ, ಮೂರು ತಗಡಿನ ಬೆರಳು. ಮಾಡಿದರೆ ರೋಬೋಟಿನ ಕೆಲಸವೇ ಎಂದು ಹಟ ಹಿಡಿದು ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅವನ ಈ ಹೈಸ್ಕೂಲು ಸಹಪಾಠಿ, ಭಾನುವಾರಕ್ಕೊಮ್ಮೆ ಬಂದು ಅದನ್ನು ಕಾಫಿ ಗಿಡಕ್ಕೆ ಹಚ್ಚುತ್ತಾಳೆ; ಅದು ಹಣ್ಣು ಬಿಟ್ಟು ಕಾಯಿ ಕೀಳುತ್ತದೆ, ಒಮ್ಮೊಮ್ಮೆ ರೆಂಬೆಯನ್ನೇ. "ಸೆನ್ಸರ್ ಸಾಲ್ದು ಕಣೋ" ಎನ್ನುತ್ತಾಳೆ ವಿಜ್ಞಾನಿ. ಸಾರಿಗೆ ಉಪ್ಪಿಲ್ಲದಿದ್ದರೂ, ಸಕಲೇಶಪುರದ ಬಸ್ಸು ನಿಲ್ಲಿಸದೆ ಹೋದರೂ ಅವಳ ಪ್ರಕಾರ ಸಾಲದ್ದು ಸೆನ್ಸರೇ. ಸುಳ್ಳು ಹೇಳಬಾರದು, ಅಳತೆಯಲ್ಲಿ ಮಾತ್ರ ಬಲು ನಿಷ್ಠೆ: ಇಪ್ಪತ್ತೈದು ವರ್ಷದಿಂದ ಇದೇ ತೋಟದಲ್ಲಿ ಹಣ್ಣು ಕೊಯ್ಯುವ ತನ್ನ ತಾಯಿ ಸುಮಿತ್ರಮ್ಮನ ಕೈಯನ್ನು ಮಣೆಯ ಮೇಲಿರಿಸಿ ಬೆರಳು ಬೆರಳಿಗೂ ಸ್ಕೇಲು ಹಿಡಿಯುತ್ತಾಳೆ. ಆ ಬೆರಳುಗಳು ಈಗ ನೆಟ್ಟಗಾಗುವುದಿಲ್ಲ. ಎಷ್ಟು ಬಗ್ಗಿವೆಯೋ ಅಷ್ಟನ್ನೂ ಬರೆದುಕೊಳ್ಳುತ್ತಾಳೆ. ಒಮ್ಮೆ ಸುಮಿತ್ರಮ್ಮನ ಎದುರಿಗೇ ಮೃತ್ಯುಂಜಯ ಕೇಳಿಬಿಟ್ಟ: "ಅಲ್ಲ ಮಾರಾಯ್ತಿ, ಇದೇನಾರ ಸರಿಯಾಗ್ಬುಟ್ರೆ ನಿಮ್ಮವ್ವನ ಕೆಲ್ಸ ಹೋಯ್ತದಲ್ಲ?" ತನುಜಾ ಸ್ಕೇಲಿನಿಂದ ಕಣ್ಣೆತ್ತದೆ ಅಂದಳು: "ಹೋಗ್ಲಿ ಅಂತಾನೇ ಮಾಡ್ತಿರದು ಕಣೋ."