ರಿವರ್ಸ್ ಲೈಟಿನ ನೆಪ

ನಮ್ಮ ಕಾರಿನ ರಿವರ್ಸ್ ಲೈಟು ಎರಡು ವರ್ಷ ಕೆಟ್ಟೇ ಇತ್ತು. ಕಾರು ಸೆಕೆಂಡ್ ಹ್ಯಾಂಡ್. ಓಡಿಸುವ ನಮ್ಮ ಯಜಮಾನರ ಠೀವಿ ಮಾತ್ರ ಶೋರೂಮಿನಿಂದ ಆಗಷ್ಟೇ ಇಳಿದದ್ದು. ಧಾರವಾಡ ಬಿಟ್ಟು ಪುಣೆಯ ಧನಕವಡಿಗೆ ಬಂದು ಹತ್ತು ವರ್ಷ ಬಸ್ಸಿನಲ್ಲಿ ಜೋತಾಡಿದವರ ಕೈಗೆ ಸ್ಟಿಯರಿಂಗ್ ಸಿಕ್ಕರೆ ತಲೆ ತಿರುಗುವುದು ಸಹಜ. ಅವರು ಓಣಿಯ ತುದಿಯ ಅಂಗಡಿಯಿಂದ ಹಾಲು ತರುವುದಕ್ಕೂ ಕಾರು ತೆಗೆಯುತ್ತಿದ್ದರು.

ನನ್ನ ಬಳಿಯೂ ಲೈಸೆನ್ಸ್ ಇತ್ತು. ನನ್ನ ಆಫೀಸು ಊರಿನ ಇನ್ನೊಂದು ತುದಿಯ ಖರಾಡಿಗೆ ಹೋದಾಗಿನಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಹಿಂಡಿ ಹಿಪ್ಪೆಯಾಗುತ್ತಿದ್ದೆ. ಯಜಮಾನರ ಆಫೀಸು ನಡೆದು ಹೋಗುವಷ್ಟು ಹತ್ತಿರ, ಕಾರು ದಿನವಿಡೀ ನೆರಳಲ್ಲಿ ಮಲಗಿರುತ್ತಿತ್ತು. ನಾನು ಒಯ್ಯಲೇ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ.

“ರಿವರ್ಸ್ ಲೈಟ್ ಕೆಟ್ಟದ. ಅದು ರಿಪೇರಿ ಆಗ್ಲಿ, ಆಮ್ಯಾಲೆ ನೀನ ಒಯ್ಯಿ. ನಾ ಯಾಕ ಬ್ಯಾಡ ಅನ್ಲಿ?”

ಹಾಗಾದರೆ ನಿಮಗೆ ಲೈಟು ಬೇಡವೇ ಎಂದರೆ, ಗಂಡಸರಿಗೆ ಅಂದಾಜು ಇರುತ್ತದಂತೆ. ಆ ಅಂದಾಜಿನ ಗುರುತು ನಮ್ಮ ಪಾರ್ಕಿಂಗಿನ ಕಂಬದ ಮೇಲೆ ಮೂರು ಕಡೆ ಇತ್ತು, ಕಾರಿನದೇ ಬಣ್ಣದಲ್ಲಿ.

ಲೈಟು ಕೆಟ್ಟದ್ದಕ್ಕೂ ಒಂದು ಕಥೆಯಿದೆ. ಹಿಂದಿನ ಮಾಲೀಕ ದೈವಭಕ್ತ. ರಿವರ್ಸ್ ಗೇರ್ ಹಾಕಿದರೆ ದೀಪದ ಜೊತೆಗೆ ಆರತಿಯ ಧಾಟಿಯೂ ಕೀರಲು ದನಿಯಲ್ಲಿ ಕೇಳಿಸುವಂತೆ ಒಂದು ಡಬ್ಬಿ ಹಚ್ಚಿಸಿದ್ದ. ಆಗ ಪುಣೆಯ ಅರ್ಧ ಕಾರುಗಳು ಹಿಂದೆ ಸರಿಯುತ್ತಿದ್ದದ್ದೇ ಹಾಡಿಕೊಂಡು. ಮೊದಲ ವಾರ, ನಮ್ಮವರು ಹಾಲಿಗೆ ಹೊರಟರೆ ಮೊದಲ ಮಹಡಿಯ ಅಜ್ಜಿ ಬಾಲ್ಕನಿಗೆ ಬಂದು ಕೈ ಮುಗಿಯುತ್ತಿದ್ದರು. ಎರಡನೆಯ ವಾರ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಬಂದು, ಪೂಜೆ ನಾವು ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಎಂದು ಮರಾಠಿಯಲ್ಲಿ ಬಹಳ ನಯವಾಗಿ ಹೇಳಿ ಹೋದರು. ಮರುದಿನದಿಂದ ಹಾಡೂ ಇಲ್ಲ, ದೀಪವೂ ಇಲ್ಲ. ಹಳೇ ವೈರಿಂಗು, ಸುಟ್ಟುಹೋಗಿದೆ ಎಂದರು ಯಜಮಾನರು. ನಾನು ನಂಬಿದೆ. ನಂಬುವುದು ಆಗ ನನಗೆ ಅಭ್ಯಾಸವಾಗಿತ್ತು.

ಒಮ್ಮೆ ಅವರು ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ನಾಗಪುರಕ್ಕೆ ಹೋದರು. ನಾನು ಒಂದು ದಿನ ರಜೆ ಹಾಕಿ, ಹತ್ತಿರದ ಕೊಂಢವಾದಿಂದ ಕಾರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೇ ಕರೆಸಿದೆ. ಬೆಳಗಾವಿ ಕಡೆಯವರು. ಸ್ಕೂಟರಿನಿಂದ ಇಳಿದು, ಸುಟ್ಟ ವೈರಿಂಗ್ ಎಲ್ಲಿದೆ ಎಂದು ಕೇಳಿ, ಡಿಕ್ಕಿಯೊಳಗೆ ತಲೆ ತೂರಿಸಿದರು. ಪುಟ್ಟ ಟೆಸ್ಟ್ ಲ್ಯಾಂಪನ್ನು ಅಲ್ಲಿ ಇಲ್ಲಿ ಮುಟ್ಟಿಸಿ ನೋಡಿದರು. ಐದು ನಿಮಿಷಕ್ಕೆ ತಲೆ ಹೊರಗೆ ಬಂತು.

“ಅಕ್ಕಾರ, ಇದು ಸುಟ್ಟಿದ್ದಲ್ರಿ. ಯಾರೋ ವೈರ್ ಕಟ್ ಮಾಡಿ ಟೇಪ್ ಸುತ್ಯಾರ. ಹಾಡಿನ ವೈರ್ ಬ್ಯಾರೇನ ಅದ, ದೀಪದ್ದು ಬ್ಯಾರೇನ ಅದ. ಎರಡೂ ಕಟ್ ಮಾಡ್ಯಾರ.”

ಬಿಚ್ಚಿದ ಕರಿ ಟೇಪನ್ನು ಕೈಗಿತ್ತರು. ಅದರ ತುದಿಯನ್ನು ನೀಟಾಗಿ ಒಳಕ್ಕೆ ಮಡಚಿದ್ದರು. ನಮ್ಮ ಮನೆಯಲ್ಲಿ ಯಾವ ಟೇಪಿನ ತುದಿಯನ್ನೂ ಹಾಗೇ ಬಿಡುವಂತಿಲ್ಲ. ಮುಂದಿನ ಸಲ ತುದಿ ಹುಡುಕಿ ಉಗುರಿನಿಂದ ಕೆರೆಯುವಂತಾಗಬಾರದೆಂದು ಮಡಚಿಡಬೇಕು. ಮರೆತದ್ದಕ್ಕೆ ನಾನು ಎಷ್ಟೋ ಸಲ ಉಪನ್ಯಾಸ ಕೇಳಿದ್ದೇನೆ. ಪುಣ್ಯಾತ್ಮರು ಕದ್ದು ಮಾಡುವ ಕೆಲಸದಲ್ಲೂ ಶಿಸ್ತು ಬಿಟ್ಟಿರಲಿಲ್ಲ. ಎರಡು ವರ್ಷ ಬಸ್ಸಿನಲ್ಲಿ ತುಳಿಸಿಕೊಂಡ ನನ್ನ ಕಾಲುಗಳು ನೆನಪಾಗಿ ಮೈಯೆಲ್ಲ ಉರಿಯಿತು.

ಹಳೆಯ ದೀಪವನ್ನೇ ಜೋಡಿಸಿದರೆ ಸಾಕಿತ್ತು. ಆದರೆ ನನಗೆ ಹಟ ಬಂತು. ದಪ್ಪ ವೈರು, ಹೊಸ ಹೋಲ್ಡರು, ಇನ್ನೂ ಪ್ರಖರವಾದ ಬಲ್ಬು ಎಲ್ಲ ಹಾಕಿಸಿದೆ. ಹಾಡಿನ ಡಬ್ಬಿ ಬಿಚ್ಚಿಸಿದೆ. ರಿವರ್ಸ್ ಹಾಕಿ ನೋಡಿದರೆ ಕಂಬದ ಮೇಲಿನ ಮೂರೂ ಗುರುತುಗಳು ಫೋಟೋ ತೆಗೆಯುವಷ್ಟು ಸ್ಪಷ್ಟವಾಗಿ ಕಂಡವು.

ಭಾನುವಾರ ಬೆಳಿಗ್ಗೆ ಯಜಮಾನರು ಬಂದರು. ಚಹಾ ಕೊಟ್ಟು, ಲೈಟು ರಿಪೇರಿಯಾಗಿದೆ, ನಾಳೆಯಿಂದ ಕಾರು ನಾನು ಒಯ್ಯುತ್ತೇನೆ ಎಂದೆ. ವೈರಿಂಗೇ ಸುಟ್ಟಿರುವಾಗ ರಿಪೇರಿ ಎಂಥದ್ದು, ಯಾರೋ ನಿನಗೆ ಟೋಪಿ ಹಾಕಿದ್ದಾರೆ ಎಂದು ನಕ್ಕರು. ನಾನು ಟೇಪನ್ನು ಅವರ ಬಸಿಯ ಪಕ್ಕದಲ್ಲಿಟ್ಟೆ. ಮಡಚಿದ ತುದಿ ಅವರ ಕಡೆಗೇ ಇತ್ತು. ನಗು ನಿಂತಿತು.

“ಸೆಕ್ರೆಟರಿ ಹಾಡಿನ ಬಗ್ಗೆ ತಕರಾರು ಮಾಡಿದ್ರಲ್ಲ, ಅದಕ್ಕ…” ಎಂದರು.

“ದೀಪ ಏನ್ ಹಾಡತಿತ್ತೇನ್ರಿ?”

ಅವರು ಟೇಪನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಸೋಮವಾರ ನಾನು ಕಾರು ಹತ್ತಿದಾಗ ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ಕೈಯಾಡಿಸಿದರು. ನಾನು ಕನ್ನಡಿ ನೋಡಿಕೊಂಡು, ಕಂಬಕ್ಕೆ ತಾಗಿಸದೆ ಹೊರಗೆ ಬಂದೆ. ಆಗ ಕಿಟಕಿಯ ಬಳಿ ಬಂದು, ಇವತ್ತು ಹಾಲು ಇನ್ನೂ ತಂದಿಲ್ಲ ಎಂದರು. ಓಣಿಯ ತುದಿಯ ಅಂಗಡಿ ಅಲ್ಲಿಂದಲೇ ಕಾಣುತ್ತಿತ್ತು.

“ನಡಕೋತ ಹೋಗಿ ಬರ್ರಿ” ಎಂದು ಮೊದಲ ಗೇರ್ ಹಾಕಿದೆ.